ಚಂಪಾ ಹಗೇವಿನಲ್ಲಿದ್ದ ಹಂಗಾಮು

ಮೊನ್ನೆ ನಮ್ಮ ಮನೆಯವರು ಬ್ಯಾಡಗಿಯಿಂದ ಒಂದು ಚೀಲ ಹೊಸ ಮೆಣಸಿನಕಾಯಿ ಕಳಿಸಿದ್ದರು. ರಾಣೆಬೆನ್ನೂರಿನಲ್ಲಿ ಮಗಳ ಮನೆಯ ಅಡುಗೆಮನೆಯಲ್ಲಿ ಕೂತು ಚೀಲದ ಬಾಯಿ ಬಿಚ್ಚಿದ್ದೇ ತಡ, ಘಾಟು ಎದ್ದು ಮೂಗಿಗೆ ಬಡಿಯಿತು. ಜೋರಾಗಿ ಸೀನಿದೆ. ಬೆನ್ನ ಹಿಂದೆ ಇನ್ನೊಂದು ಸಣ್ಣ ಸೀನು ಕೇಳಿತು. ತಿರುಗಿ ನೋಡಿದರೆ ನನ್ನ ಮೊಮ್ಮಗಳು! ಗೋಡೆ ಹಿಡಿದು ನಿಂತಿದ್ದವಳು ಸೀನಿನ ರಭಸಕ್ಕೆ ತೊಪ್ಪನೆ ನೆಲಕ್ಕೆ ಕೂತಿದ್ದಳು. ಈಗ ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಮೇಲೆರಡು ಕೆಳಗೆರಡು ಹಲ್ಲು ತೋರಿಸಿ ನಕ್ಕಳು. ಇನ್ನೊಮ್ಮೆ ಸೀನು ಅನ್ನುವ ಹಾಗೆ ಬಂದು ನನ್ನ ಮೂಗು ಹಿಡಿದಳು. ನಾನು ಸುಳ್ಳೇ ಸೀನಿದೆ. ಅವಳೂ ಸೀನಿದಳು. ಇದೇ ಕೆಲಸವನ್ನು ನಾವಿಬ್ಬರೂ ಎಷ್ಟು ಹೊತ್ತು ಮಾಡಿದೆವೋ, ಒಲೆಯ ಮೇಲಿನ ಹಾಲೆಲ್ಲ ಉಕ್ಕಿ ಹೋಯಿತು. ಹೋಗಲಿ ಬಿಡಿ. ಹಾಲು ನಾಳೆಯೂ ಬರುತ್ತದೆ.

ಆ ಘಾಟು ನನ್ನನ್ನು ಹೋದ ವರ್ಷದ ಮೆಣಸಿನಕಾಯಿ ಹಂಗಾಮಿಗೆ ಎಳೆದುಕೊಂಡು ಹೋಯಿತು. ಈ ಕೂಸು ಹುಟ್ಟಿದ್ದು ಆಗ. ನಾನು ಕಾಲು ಮುರಿದುಕೊಂಡದ್ದು ಆಗ. ಹಲಗೇರಿಯ ಶಾಲೆಯನ್ನು ನಾಲ್ಕನೇ ಇಯತ್ತೆಗೆ ಬಿಟ್ಟ ನಾನು ನನ್ನ ಮೊದಲನೆಯ ಕಾದಂಬರಿಯನ್ನು ಮುಗಿಸಿದ್ದೂ ಆಗಲೇ. ಕಾದಂಬರಿ ಅಂದರೆ ನಗಬೇಡಿ. ನಗಬೇಕಾದದ್ದನ್ನೆಲ್ಲ ಮೊದಲೇ ನಾನು ನಕ್ಕಿದ್ದೇನೆ.

ಮಗಳು ಸವಿತಾ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ಒದ್ದೆ ಕಾಗದದ ಮೇಲೆ ಬೀಜಗಳನ್ನು ಸಾಲಾಗಿ ಇಟ್ಟು, ಯಾವುದು ಮೊಳಕೆ ಒಡೆಯಿತು, ಯಾವುದು ಒಡೆಯಲಿಲ್ಲ ಎಂದು ನೋಡುವ ಕೆಲಸ. ಅದರ ಮಾತು ಬಂದರೆ ಅವಳ ಮುಖ ನೋಡಬೇಕು. ಒಂದೊಂದು ಬೀಜವನ್ನೂ ತಾನೇ ಹಡೆದವಳ ಹಾಗೆ ಹೇಳುತ್ತಾಳೆ. ದೀಪಾವಳಿಯ ಹೊತ್ತಿಗೆ ಸೀಮಂತದ ಕುಬುಸ ಮಾಡಿಸಿಕೊಂಡು ಹೆರಿಗೆಗೆಂದು ಬ್ಯಾಡಗಿಗೆ ಬಂದಳು. ಕೈಗೆ ಕೆಲಸವಿಲ್ಲದೆ ಬೇಸತ್ತು ಒಂದು ದಿನ ಅಂದಳು:

"ಅವ್ವಾ, ನಾ ಸಣ್ಣಾಕಿದ್ದಾಗ ಹೇಳ್ತಿದ್ದೆಲ್ಲ, ಹಂಗ ಒಂದು ಕಥಿ ಹೇಳು. ದೊಡ್ಡದು. ನೀ ಹೇಳಿದ್ದನ್ನ ಮೊಬೈಲ್ ತಾನ ಬರಕೊಂತೈತಿ. ನಾ ತಿದ್ದಿ ವಾರಕ್ಕ ಎರಡು ಕಂತು ನೆಟ್ಟಿನ್ಯಾಗ ಹಾಕ್ತೀನಿ. ಮಂದಿ ಓದ್ತಾರ."

"ಮೊಬೈಲಿಗೆ ಕಥಿ ಹೇಳಾಕ ನನಗ ಬರೂದಿಲ್ಲವಾ. ಅದೇನು ಹೂಂ ಅಂತೈತಿ?"

ನಮ್ಮಲ್ಲಿ ಕಥೆ ಕೇಳುವವರು ಹೂಂ ಅನ್ನಬೇಕು. ಒಂದೊಂದು ಮಾತಿಗೆ ಒಂದು ಹೂಂ. ಹಲಗೇರಿಯಲ್ಲಿ ನನ್ನ ಅಜ್ಜಿ ಕಥೆ ಹೇಳುವಾಗ ನಾವು ತೂಕಡಿಸಿ ಹೂಂ ತಪ್ಪಿಸಿದರೆ, ರಾಜಕುಮಾರ ಕುದುರೆ ಏರಲು ಒಂದು ಕಾಲು ಎತ್ತಿದ್ದರೂ ಸರಿ, ಅಲ್ಲೇ ನಿಲ್ಲಿಸಿಬಿಡುತ್ತಿದ್ದಳು. "ಹೂಂ ಅನ್ನೋರಿಲ್ದ ಹೇಳಿದ ಕಥಿ ಗ್ವಾಡ್ಯಾಗ ಹೊಕ್ಕು ಕುಂದರತೈತಿ, ಹೊಳ್ಳಿ ಬರೂದಿಲ್ಲ" ಅನ್ನುತ್ತಿದ್ದಳು. ಆ ಅಂಜಿಕೆ ನನ್ನ ಎಲುಬಿನಲ್ಲಿ ಉಳಿದುಬಿಟ್ಟಿದೆ.

"ಹೂಂ ಅನ್ನಾಕ ನಾ ಇಲ್ಲೇನು? ನೀ ಹೇಳು," ಅಂದಳು ಸವಿತಾ.

ಹಾಗೆ ಶುರುವಾಯಿತು. ದಿಂಬಿನ ಮೇಲೆ ಮೊಬೈಲು, ಈ ಕಡೆ ನಾನು, ಆ ಕಡೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಗಳು. ಮೊದಮೊದಲು ಮೊಬೈಲು ಅವಳ ಹೂಂಗಳನ್ನೂ ಬರೆದುಕೊಳ್ಳುತ್ತಿತ್ತು. ಒಂದು ಕಂತಿನಲ್ಲಿ ಅವುಗಳನ್ನು ಅಳಿಸುವುದೇ ಮರೆತುಹೋಯಿತು. ಯಾರೋ ಓದುಗರು ಕೆಳಗೆ, "ಅಜ್ಜಿ, ನಿಮ್ಮ ಕಥೆ ಓದುವಾಗ ನಮ್ಮ ಮನೆಯಲ್ಲೂ ಹೂಂ ಅಂತೀವಿ" ಎಂದು ಬರೆದರು. ಆವತ್ತು ನಾನು ಹಬ್ಬವಿಲ್ಲದ ದಿನ ಹೋಳಿಗೆ ಮಾಡಿದೆ.

ಕಥೆ ಹಲಗೇರಿಯಂಥದೇ ಒಂದು ಊರಿನದು. ಚಂಪಾ ಎಂಬ ಹುಡುಗಿಗೆ ಧಾರವಾಡಕ್ಕೆ ಹೋಗಿ ಓದುವ ಆಸೆ. ಮನೆಯ ಗಂಡಸರು ಅವಳನ್ನು ಒಂದು ಮಾತೂ ಕೇಳದೆ ಮದುವೆ ಗೊತ್ತು ಮಾಡುತ್ತಾರೆ. ತಾಯಿ ನಿಂಗವ್ವ ಬಾಯಿಲ್ಲದ ಹೆಂಗಸು. ಎದುರು ಮಾತಾಡಲಾರಳು, ಮಗಳ ಕಣ್ಣೀರೂ ನೋಡಲಾರಳು. ಒಂದು ಉಪಾಯ ಮಾಡುತ್ತಾಳೆ. ಅಂಗಳದ ಖಾಲಿ ಹಗೇವಿನಲ್ಲಿ ಮಗಳನ್ನು ಅಡಗಿಸಿಟ್ಟು, ಬೆಳಗಿನ ಮೊದಲ ಬಸ್ಸಿಗೆ ಹತ್ತಿಸಿಬಿಡಬೇಕು. ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಮೇಲೆ ಕಲ್ಲಿನ ಮುಚ್ಚಳ. ನನ್ನ ತವರಿನ ಅಂಗಳದಲ್ಲೂ ಒಂದಿತ್ತು. ನಿಂಗವ್ವ ಗಾಳಿಗೆಂದು ಮುಚ್ಚಳವನ್ನು ನಾಲ್ಕು ಬೆರಳು ಸರಿಸಿಟ್ಟಳು. ಆದರೆ ಬೀಗರು ಒಂದು ದಿನ ಮೊದಲೇ ಬಂದಿಳಿದರು. ಅಂಗಳಕ್ಕೆಲ್ಲ ಜಮಖಾನೆ ಹಾಸಿದರು. ಗಂಡಿನ ತಂದೆ, ದೊಡ್ಡ ಮೀಸೆಯ ಗೌಡ, ಸರಿಯಾಗಿ ಆ ಮುಚ್ಚಳದ ಮೇಲೆಯೇ ಮಂಚ ಹಾಕಿಸಿಕೊಂಡು ಒರಗಿದ.

ಅಲ್ಲಿಗೆ ಕಂತು ಮುಗಿಸಿದೆ. ಮುಗಿಸಿ, ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡು ಚಹಾ ಕುಡಿದೆ. ಹುಡುಗಿಯನ್ನು ಹೇಗೆ ಹೊರಗೆ ತೆಗೆಯಬೇಕು ಎಂಬುದು ನನಗೂ ಗೊತ್ತಿರಲಿಲ್ಲ. ಗೊತ್ತಾಗುತ್ತದೆ ಬಿಡು ಅಂದುಕೊಂಡೆ. ಚಹಾದ ಲೋಟ ಕೆಳಗಿಡುವಷ್ಟರಲ್ಲಿ ಸವಿತಾ ಗೋಡೆ ಹಿಡಿದು, "ಅವ್ವಾ, ಬ್ಯಾನಿ ಬಂದಂಗ ಆಗಾಕತ್ತೈತಿ" ಅಂದಳು.

ಹಾವೇರಿಯ ಆಸ್ಪತ್ರೆಯಲ್ಲಿ ಕೂಸನ್ನು ತಂದು ನನ್ನ ತೋಳಿಗೆ ಇಟ್ಟರು. ಏನು ಹೇಳಲಿ! ಬಿಸಿ ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟ ಹಾಗಿತ್ತು. ಕೆಂಪು ಮುಖ, ಮೆಣಸಿನಕಾಯಿಯ ಹಾಗೆ ಸುಕ್ಕು ಸುಕ್ಕು. "ಖರೇ ಬ್ಯಾಡಗಿ ಮಾಲು!" ಅಂದೆ. ನರ್ಸಮ್ಮ ನಕ್ಕಳು. ಹೆಣ್ಣು ಅಂದವರಿಗೆಲ್ಲ, "ಹೂಂ ಮತ್ತ, ಹೆಣ್ಣು!" ಎಂದು ಪೇಢೆ ಹಂಚಿಸಿದೆ. ಈ ಖುಷಿಯನ್ನು ಹೊತ್ತುಕೊಂಡು ಮನೆಗೆ ಬಂದವಳು, ತಾಯಿ-ಕೂಸು ಇಬ್ಬರನ್ನೂ ಕರೆತರುವ ದಿನ, ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿಯನ್ನು ಗುಡ್ಡೆ ಮಾಡಲು ಹೋದೆ. ಬ್ಯಾಡಗಿಯಲ್ಲಿ ಇಷ್ಟು ವರ್ಷ ಬಾಳಿದವಳು ನಾನು. ಒಣ ಮೆಣಸಿನಕಾಯಿಯ ಮೇಲೆ ಚಪ್ಪಲಿ ಹಾಕಿಕೊಂಡು ಕಾಲಿಡಬಾರದು ಎಂಬುದು ನನಗೆ ಗೊತ್ತಿಲ್ಲವೇ? ಕಾಲು ಮೆಣಸಿನಕಾಯಿಯ ಮೇಲಿತ್ತು, ಮನಸ್ಸು ತೊಟ್ಟಿಲ ಮೇಲಿತ್ತು. ಜಾರಿದೆ. ಅವರನ್ನು ಕರೆದುಕೊಂಡು ಬರಬೇಕಾದ ಗಾಡಿ ನನ್ನನ್ನು ಕರೆದುಕೊಂಡು ಹಾವೇರಿಗೆ ಹೋಯಿತು. ಮೂವರೂ ಕೂಡಿ ಮನೆಗೆ ಬಂದೆವು. ತೊಡೆಯವರೆಗೆ ಸಿಮೆಂಟಿನ ಪಟ್ಟಿ ಹಾಕಿಸಿಕೊಂಡ ನನ್ನನ್ನು ಇಬ್ಬರು ಹಮಾಲರು ಖುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಹತ್ತಿಸಿದರು.

ಅಲ್ಲಿಂದ ಶುರುವಾಯಿತು ನೋಡಿ.

ನಮ್ಮದು ಮೇಲಿನ ಮನೆ. ಕೆಳಗೆ ದಲಾಲಿ ಅಂಗಡಿ. ನಮ್ಮ ಮನೆಯವರು ಅಲ್ಲೇ ತೂಕಕ್ಕೆ ನಿಲ್ಲುವವರು. ಹಂಗಾಮಿನಲ್ಲಿ ಕೆಳಗೆ ಒಂದು ಚೀಲ ಸುರಿದರೆ ಮೇಲೆ ನಾವು ಕೆಮ್ಮುತ್ತೇವೆ. ರಸ್ತೆ ಕೆಂಪು, ಗಾಡಿಯ ಚಕ್ರ ಕೆಂಪು, ಕಂಬದ ಮೇಲಿನ ಕಾಗೆಯೂ ಸೀನುತ್ತದೆ ಎಂದು ನಾವೇ ಚೇಷ್ಟೆ ಮಾಡಿಕೊಳ್ಳುತ್ತಿದ್ದೆವು. ಅದು ಊರಿನ ಅನ್ನ; ಇಷ್ಟು ವರ್ಷ ಅದನ್ನು ಘಾಟು ಅಂದವಳೇ ಅಲ್ಲ ನಾನು. ಆದರೆ ಆ ಸಣ್ಣ ಮೂಗು ಮೊದಲ ಸಲ ಸೀನಿ, ಉಸಿರು ಸಿಗದೆ ಮುಖ ನೀಲಿ ಮಾಡಿಕೊಂಡಾಗ ನನ್ನ ಎದೆ ಒಡೆಯಿತು. ಕಿಟಕಿ ಬಾಗಿಲು ಎಲ್ಲ ಹಾಕಿಸಿದೆ. ಸಂದಿಗಳಿಗೆ ಹಳೆಯ ಸೀರೆ ಹರಿದು ಒದ್ದೆ ಮಾಡಿ ತುರುಕಿಸಿದೆ. ಹೊರಗೆ ಮೆಣಸಿನಕಾಯಿ, ಒಳಗೆ ಬಾಣಂತಿಗೆಂದು ಸೆಗಣಿ ಕುಳ್ಳಿನ ಬೆಂಕಿ, ಲೋಬಾನದ ಹೊಗೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ ಕಟ್ಟಿಕೊಂಡು ಒಂದು ಮಂಚದ ಮೇಲೆ ಮಗಳು, ಇನ್ನೊಂದರ ಮೇಲೆ ಕಲ್ಲಿನ ಕಂಬದಂಥ ಕಾಲು ಚಾಚಿಕೊಂಡು ನಾನು. ಮಧ್ಯೆ ತೊಟ್ಟಿಲು. ಹಗಲಿನಲ್ಲೂ ದೀಪ ಹಚ್ಚಿರಬೇಕು. ಹೊರಗೆ ಬಿಸಿಲು ಎಷ್ಟು ಏರಿತು ಎಂಬುದು ಕೆಳಗಿನ ಗದ್ದಲದಿಂದ ತಿಳಿಯಬೇಕು.

ಕೂಸಿಗೆ ನೀರು ಎರೆಯಲು ಬರುವ ನೀಲವ್ವ ಮೊದಲನೆಯ ದಿನವೇ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಒಂದ ಮನಿಯೊಳಗ ಇಬ್ರು ಬಾಣಂತೇರು ಆದ್ರಿ ಬಿಡ್ರಿ ಗಿರಿಜಕ್ಕಾ. ಆಕಿ ಕೂಸು ಹಡದಾಳ, ನೀವು ಸಿಮೆಂಟಿನ ಕಾಲು ಹಡದೀರಿ. ಮದ್ಲ ಯಾರಿಗೆ ಎರೀಲಿ ಹೇಳ್ರಿ!"

ನಮ್ಮ ಮನೆಯವರ ಪಾಡು ಇನ್ನೊಂದು. ಮೈಯೆಲ್ಲ ಮೆಣಸಿನಕಾಯಿಯ ಧೂಳು. ಮೆಟ್ಟಿಲ ಮೇಲೇ ಅಂಗಿ ಕಳಚಿ, ಝಳಕ ಮಾಡಿ ಬಂದರೂ ಹೊಸ್ತಿಲಲ್ಲಿ ನಿಲ್ಲಿಸುತ್ತಿದ್ದೆ.

"ಬರ್ಲ್ಯಾ?"

"ತಲಿ ತೊಳಕೊಂಡ್ರಿ?"

"ತೊಳಕೊಂಡೆ."

"ಮೀಸಿ?"

"ಮೀಸಿನೂ ತೊಳೀಬೇಕಾತು? ನಾ ಏನು ಮೊಮ್ಮಗಳನ್ನ ನೋಡಾಕ ಬಂದೇನೋ, ಆಪರೇಸನ್ ಮಾಡಾಕ ಬಂದೇನೋ?"

ನಗುತ್ತಿದ್ದೆವು. ಆದರೆ ಬರಬರುತ್ತ ಆ ನಗುವೂ ಕೋಣೆಯೊಳಗೇ ಸುತ್ತಿ ಹಳಸಿಹೋಗುತ್ತಿತ್ತು. ಪಟ್ಟಿಯೊಳಗೆ ಕಾಲು ತುರಿಸುತ್ತಿತ್ತು, ಕೈ ಹೋಗುತ್ತಿರಲಿಲ್ಲ. ನನ್ನಷ್ಟಕ್ಕೆ ಎದ್ದು ಒಂದು ಲೋಟ ನೀರು ತೆಗೆದುಕೊಳ್ಳುವಂತಿರಲಿಲ್ಲ. ಬಾಣಂತಿ ಮಗಳೇ ತಾಯಿಗೆ ನೀರು ಕೊಡಬೇಕು. ಕಥೆಯೊಂದೇ ಆಗ ನಮಗೆ ಕಿಟಕಿ.

ತೊಟ್ಟಿಲ ಕಾರ್ಯಕ್ಕೆ ರಾಣೆಬೆನ್ನೂರಿನಿಂದ ಬೀಗರು ಬಂದರು. ಕೂಸಿಗೆ ಸಿರಿ ಎಂದು ಹೆಸರಿಟ್ಟೆವು. ಸವಿತಾಳ ಅತ್ತೆ ಶಾಂತವ್ವನವರು ಕೆಟ್ಟವರಲ್ಲ. ಅಂಟಿನ ಉಂಡಿಯನ್ನು ತಾವೇ ಕಟ್ಟಿಕೊಂಡು ತಂದಿದ್ದರು. ನನ್ನ ಕಾಲು ನೋಡಿ ಕಣ್ಣೀರು ಹಾಕಿದರು. ಊಟವಾದ ಮೇಲೆ ನನ್ನ ಮಂಚದ ತುದಿಗೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ಅಂದರು:

"ಬೀಗ್ತಿಯವರ, ಸವಿತಾ ಇನ್ನ ನೌಕರಿ ಬಿಡ್ಲಿ. ನನಗ ಮೊಣಕಾಲು ಹಿಡದಾವು, ಕೂಸಿನ ಹಿಂದ ಓಡಾಕ ಆಗೂದಿಲ್ಲ. ಮನ್ಯಾಗ ಇರ್ಲಿ ಆರಾಮ. ಏನಂತೀರಿ?"

ಸವಿತಾ ಎದುರಿನ ಮಂಚದ ಮೇಲೆ ಕೂಸಿಗೆ ಹಾಲು ಕೊಡುತ್ತ ಕೂತಿದ್ದಳು. ಸೆರಗಿನ ಮೇಲಿಂದ ನನ್ನ ಕಡೆ ನೋಡಿದಳು. ಅಳಿಯನೂ ಸೇರಿ ನಾಲ್ಕು ಜನ ಬೀಗರು ಸುತ್ತ ಕೂತಿದ್ದಾರೆ. ಹೆಣ್ಣು ಕೊಟ್ಟವರು ನಾವು. ನನ್ನ ಬಾಯಿಂದ ಮಾತು ತಾನಾಗಿ ಹೊರಬಿತ್ತು: "ಖರೇ ಐತ್ರಿ. ನೀವು ಹೇಳಿದಂಗ ಆಗ್ಲಿ."

ಮಗಳು ಮುಖ ತಿರುಗಿಸಿದಳು.

ಮಾರನೆಯ ದಿನ ನಾನು ಕಥೆ ಮುಂದುವರಿಸಿದೆ. ನಿಂಗವ್ವ ಚೊಂಬಿನಲ್ಲಿ ನೀರು ತುಂಬಿಕೊಂಡು ಗೌಡನ ಮಂಚದ ಬಳಿ ಹೋದಳು, ಹೇಳಬೇಕೆಂದು ಬಾಯಿ ತೆರೆದಳು, ಹೇಳಲಾಗದೆ ನೀರು ಕೊಟ್ಟು ಹಿಂದಕ್ಕೆ ಬಂದಳು. ಆ ಕಂತು ಮುಗಿಯಿತು. ಮುಂದಿನ ಕಂತಿನಲ್ಲಿ ಚಹಾ ತೆಗೆದುಕೊಂಡು ಹೋದಳು, ಹಿಂದಕ್ಕೆ ಬಂದಳು. ಅದರ ಮುಂದಿನದರಲ್ಲಿ, "ಇಲ್ಲೆ ಬಿಸಲು ಬರ್ತೈತ್ರಿ, ನೆಳ್ಳಿಗೆ ಬರ್ರಿ" ಅಂದಳು. ಗೌಡ ಮಗ್ಗುಲು ಬದಲಿಸಿ ಗೊರಕೆ ಹೊಡೆದ. ನನ್ನ ನಿಂಗವ್ವ ಹೋಗುವುದು ಬರುವುದು, ಹೋಗುವುದು ಬರುವುದು. ಓದುಗರಿಗೆ ಸಿಟ್ಟು. "ಅಜ್ಜಿ, ಆ ತಾಯಿಗೆ ಬಾಯಿ ಇಲ್ಲವೇ?" "ನಮಗೇ ಉಸಿರು ಕಟ್ಟುತ್ತಿದೆ." ಸವಿತಾ ಓದಿ ಹೇಳುತ್ತಿದ್ದಳು, ಅಷ್ಟೇ. ಅವಳ ಹೂಂ ದಿನದಿನಕ್ಕೆ ಸಣ್ಣದಾಗುತ್ತ ಬಂತು. ನಿಂಗವ್ವ ವೀಳ್ಯದ ತಟ್ಟೆ ಹಿಡಿದು ಅಂಗಳಕ್ಕೆ ಇಳಿದ ದಿನ ಅದು ನಿಂತೇಹೋಯಿತು.

"ಹೂಂ ಅನ್ನವಾ," ಅಂದೆ.

"ಮತ್ತ ಮಂಚದ ತನಕಾ ಹೋಗಿ ಹೊಳ್ಳಿ ಬರ್ತಾಳ, ಹೌದಿಲ್ಲೋ?"

"ಬಾಯಿ ತಗದ್ರ ಮದವಿ ಮನ್ಯಾಗ ಮರ್ಯಾದಿ ಹೋಗ್ತೈತಿ ಆಕೀದು."

"ಒಳಗ ಹುಡಿಗೀದು ಉಸಿರು ಹೋಗಾಕತ್ತೈತಿ ಅವ್ವಾ." ಅವಳ ದನಿ ಏರಲಿಲ್ಲ, ಅದೇ ನನಗೆ ಹೆಚ್ಚು ನಾಟಿತು. "ನಾ ಇನ್ನ ಹೂಂ ಅನ್ನೂದಿಲ್ಲ. ನಿಂಗವ್ವ ಬಾಯಿ ತೆಗಿಯೂ ತನಕಾ ಅನ್ನೂದಿಲ್ಲ."

ಮೊಬೈಲನ್ನು ನನ್ನ ದಿಂಬಿನ ಮೇಲಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನೌಕರಿಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದು ಇಬ್ಬರ ಮಂಚದ ನಡುವೆ ತೊಟ್ಟಿಲ ಪಕ್ಕದಲ್ಲೇ ಕೂತಿತ್ತು.

ಹೂಂ ಅನ್ನುವವರನ್ನು ಹುಡುಕಿದೆ. ನಮ್ಮ ಮನೆಯವರನ್ನು ಕೂರಿಸಿಕೊಂಡೆ. ದಿನವಿಡೀ ತೂಕ ಮಾಡಿ ದಣಿದವರು. ನಾಲ್ಕು ಹೂಂ ಸರಿಯಾಗಿ ಅಂದರು, ಐದನೆಯದು ಗೊರಕೆಯಾಯಿತು. ಗೌಡನ ಗೊರಕೆಗೂ ಇವರ ಗೊರಕೆಗೂ ಫರಕೇ ಇರಲಿಲ್ಲ. ನೀಲವ್ವನನ್ನು ಕೂರಿಸಿಕೊಂಡೆ. ಅವಳದು ಇನ್ನೊಂದು ತಕರಾರು. ಹೂಂ ಅನ್ನುವ ಬದಲು ತಾನೇ ಕಥೆ ಹೇಳಲು ಶುರು ಮಾಡಿದಳು: "ಕುದಿಯೋ ಎಸರು ತಂದು ಆ ಗೌಡನ ಮೀಸಿ ಮ್ಯಾಲೆ ಸುರೀರಿ ಅಕ್ಕಾ. ಎದ್ದು ಓಡ್ತಾನ. ಆಮ್ಯಾಲೆ ಅವನ್ನ ಹಗೇವಿನೊಳಗ ಹಾಕಿ ನಾ ಮ್ಯಾಲೆ ಕುಂದರ್ತೀನಿ!" ಬರೀ ಮೊಬೈಲಿಗೇ ಹೇಳಿ ನೋಡೋಣ ಎಂದು ಬಾಯಿ ತೆರೆದೆ. ಅದರ ಕಪ್ಪು ಮುಖ ನನ್ನನ್ನೇ ನೋಡುತ್ತಿತ್ತು. ಒಂದು ಮಾತು ಹೇಳಿ ನಿಂತೆ. ಹೂಂ ಇಲ್ಲ. ಎರಡನೆಯ ಮಾತು ಹುಟ್ಟಲಿಲ್ಲ. ಅಜ್ಜಿ ಹೇಳಿದ್ದು ಖರೆ, ಕಥೆ ಗೋಡೆಯೊಳಗೆ ಹೊಕ್ಕು ಕೂತುಬಿಟ್ಟಿತು.

ಕಂತು ನಿಂತವು. ಆಗ ಕುಪ್ಪೇಲೂರಿನ ಓದುಗರೊಬ್ಬರು ಬರೆದರು. ಸವಿತಾ ಅದನ್ನು ಓದಿ ಹೇಳಲಿಲ್ಲ. ಮೊಬೈಲನ್ನು ನನ್ನ ಕೈಗೆ ಕೊಟ್ಟಳು. ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ ನಾನೇ ಓದಿಕೊಂಡೆ. "ಅಕ್ಕಾ, ನಾವೂ ಹಗೇವು ಕಂಡವರು. ಮುಚ್ಚಿದ ಹಗೇವಿನಲ್ಲಿ ಗಾಳಿ ಕೆಡುತ್ತದೆ. ತೆಗೆದ ಕೂಡಲೇ ಯಾರೂ ಇಳಿಯುವುದಿಲ್ಲ. ಮೊದಲು ಹಗ್ಗ ಕಟ್ಟಿ ದೀಪ ಇಳಿಸುತ್ತೇವೆ. ದೀಪ ಆರಿದರೆ ಮನುಷ್ಯನೂ ಆರುತ್ತಾನೆ. ಮುಚ್ಚಳದ ಸಂದಿಯ ಮೇಲೆ ನೀವೇ ಜಮಖಾನೆ ಹಾಸಿಸಿದ್ದೀರಿ. ನಿಮ್ಮ ಹುಡುಗಿ ಇದ್ದಾಳೋ ಇಲ್ಲವೋ, ಅದನ್ನಾದರೂ ಹೇಳಿಬಿಡಿ."

ನಾನು ಹಗೇವಿನ ಮನೆಯಲ್ಲೇ ಹುಟ್ಟಿದವಳು. ನನ್ನ ಅಪ್ಪ ದೀಪ ಇಳಿಸುವಾಗ ಹಗ್ಗದ ತುದಿ ಹಿಡಿದು ನಿಲ್ಲುತ್ತಿದ್ದವಳು ನಾನೇ. ನಾಲ್ಕು ಬೆರಳು ಸಂದಿ ಬಿಡಲು ನೆನಪಿತ್ತು. ಅದರ ಮೇಲೆ ಜಮಖಾನೆ ಹಾಸಿದರೆ ಏನಾಗುತ್ತದೆ ಎಂಬುದು ಹೇಗೆ ಮರೆತುಹೋಯಿತು? ಬೀಗರು ಬಂದರಲ್ಲ, ಹಾಸಬೇಕಲ್ಲ ಎಂದು ಹಾಸಿಬಿಟ್ಟಿದ್ದೆ. ಸುತ್ತ ನೋಡಿದೆ. ಸಂದಿಯಲ್ಲೆಲ್ಲ ನನ್ನ ಹಳೆಯ ಸೀರೆಯ ತುಂಡುಗಳು. ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ಹೋಳಿ ಹುಣ್ಣಿಮೆ ಕಳೆದಿತ್ತು. ಒಂದು ಮಧ್ಯಾಹ್ನ ಸವಿತಾ ಒಳಗೆ ಸ್ನಾನಕ್ಕೆ ಹೋಗುವಾಗ ಕೂಸನ್ನು ನನ್ನ ಪಟ್ಟಿಯಿಲ್ಲದ ಕಾಲಿನ ಪಕ್ಕದಲ್ಲಿ ಮಲಗಿಸಿ ಹೋದಳು. ಕೂಸು ಎಚ್ಚರವಾಗಿತ್ತು. ಮುಷ್ಟಿ ಬಾಯಿಗೆ ಹಾಕಿಕೊಂಡು ನನ್ನನ್ನೇ ನೋಡುತ್ತಿತ್ತು. ಅಳಬಾರದಲ್ಲ ಎಂದು ಏನೋ ಮಾತಾಡಬೇಕಿತ್ತು. ಬಾಯಿಗೆ ಬಂದದ್ದು ಅದೊಂದೇ.

"ಸಿರಿ, ನಮ್ಮ ಚಂಪಾ ಹಗೇವಿನೊಳಗ ಅದಾಳ ನೋಡವಾ," ಅಂದೆ.

ಕೂಸು ಮುಷ್ಟಿಯನ್ನು ಬಾಯಿಂದ ತೆಗೆಯಿತು. ಹುಬ್ಬು ಮೇಲೇರಿಸಿತು. ಇಡೀ ಮೈಯನ್ನು ಒಮ್ಮೆ ಕೊಡವಿ, ತುಟಿ ಮುಂದೆ ಮಾಡಿ, "ಊಂ" ಅಂದಿತು.

ದೇವರಾಣೆ. ಮೊದಲನೆಯ ಸಲ. ನನಗೇ ಅಂದದ್ದು!

"ಏನಂದಿ? ಹೂಂ ಅಂದೇನು ನನ್ನ ಬಂಗಾರ? ಮ್ಯಾಲೆ ಗೌಡ ಮಲಗ್ಯಾನ."

"ಊಂ."

"ಮಂದಿ ಎಲ್ಲಾ ಸುತ್ತ ಕುಂತಾರ. ನಿಂಗವ್ವನ ಕೈಯಾಗ ವೀಳ್ಯದ ತಾಟು ಐತಿ."

"ಊ... ಊಂ."

ಆಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ನಿಂಗವ್ವ ಆ ತಟ್ಟೆಯನ್ನು ಅಂಗಳದ ನಡುವೆ ಎತ್ತಿ ಒಗೆದಳು. ಗಣಗಣ ಸದ್ದಿಗೆ ಮದುವೆಯ ಸನಾದಿ ಊದುವವರು ಊದುವುದು ನಿಲ್ಲಿಸಿದರು. ಹುಟ್ಟಿದಾಗಿನಿಂದ ಒಳಗೇ ಇಟ್ಟುಕೊಂಡಿದ್ದ ದನಿಯನ್ನೆಲ್ಲ ಒಟ್ಟುಮಾಡಿ ನಿಂಗವ್ವ ಒದರಿದಳು: "ಗೌಡ್ರ, ಏಳ್ರಿ! ಮಂಚ ಸರಸ್ರಿ! ನಿಮ್ಮ ಕೆಳಗ ನನ್ನ ಮಗಳು ಅದಾಳ. ನಾನ ಇಟ್ಟೇನಿ, ನಾನ ತೆಗಿತೀನಿ!" ಗೌಡ ಎದ್ದ. ಜಮಖಾನೆ ಎಳೆದಳು, ಕಲ್ಲು ನೂಕಿದಳು. ದೀಪ ಇಳಿಸಿದರು. ದೀಪ ಕೆಳಗೆ ಹೋಗುತ್ತ ಹೋಗುತ್ತ ಸಣ್ಣದಾಯಿತು, ಕಡಲೆಕಾಳಿನಷ್ಟಾಯಿತು. ಇಡೀ ಊರು ಉಸಿರು ಹಿಡಿದು ಬಗ್ಗಿ ನೋಡಿತು. ಆರಲಿಲ್ಲ! ಆ ಬೆಳಕಿನಲ್ಲಿ ಒಂದು ಕೈ ಮೇಲೆ ಬಂತು. ನಾನು ಅಳುತ್ತಿದ್ದೆ, ನಗುತ್ತಿದ್ದೆ. ಕೂಸು ಎರಡೂ ಕಾಲು ಬಡಿಯುತ್ತ ಊಂ ಊಂ ಅನ್ನುತ್ತಿತ್ತು.

ತಲೆ ಎತ್ತಿದರೆ ಬಾಗಿಲಲ್ಲಿ ಸವಿತಾ. ಒದ್ದೆ ಕೂದಲು ಕಟ್ಟಿಕೊಂಡಿರಲಿಲ್ಲ. ಕೈಯಲ್ಲಿ ಮೊಬೈಲು ಹಿಡಿದು ನಿಂತಿದ್ದಳು, ಎಲ್ಲವನ್ನೂ ಬರೆಸಿಕೊಂಡಿದ್ದಳು.

"ನಿಂಗವ್ವ ಬಾಯಿ ತಗದ್ಲು," ಅಂದಳು.

"ತಗದ್ಲವಾ."

ಇನ್ನು ಬಾಯಿ ತೆಗೆಯಬೇಕಾದವಳು ನಾನು ಎಂಬುದು ನನಗೆ ಗೊತ್ತಿತ್ತಲ್ಲ. ಕಥೆಯ ಬಿಸಿ ಆರುವ ಮೊದಲೇ ಆಗಬೇಕು ಅನ್ನಿಸಿತು. "ರಾಣೆಬೆನ್ನೂರಿಗೆ ಫೋನ್ ಹಚ್ಚು," ಅಂದೆ.

"ಬೀಗ್ತಿಯವರ, ನಾ ಆವತ್ತು ಹೇಳಿದ್ದು ತಪ್ಪಾತ್ರಿ. ಸವಿತಾ ನೌಕರಿ ಬಿಡೂದಿಲ್ಲ."

ಆ ಕಡೆಯಿಂದ ಶಾಂತವ್ವನವರ ದನಿ ಬಂತು: "ಮತ್ತ ಕೂಸಿನ್ನ ಯಾರು ನೋಡ್ತಾರ್ರಿ? ನನ್ನ ಮೊಣಕಾಲು..."

"ನಾ ನೋಡ್ತೀನ್ರಿ. ಕಾಲು ಬಿಚ್ಚಿದ ಮ್ಯಾಲೆ ಕೂಸಿನ ಜೋಡಿ ನಾನೂ ಬರ್ತೀನಿ."

"ನೀವು? ಬೀಗರ ಮನ್ಯಾಗ ಬಂದು ಇರ್ತೀರಿ? ಮಗಳ ಮನ್ಯಾಗ ತಾಯಿ ಉಂಡು ಉಳದ್ರ ಮಂದಿ ಏನಂತಾರ್ರಿ?"

"ಮಂದಿ ಮಂಚ ಹಾಕ್ಕೊಂಡು ಕುಂತಾರ್ರಿ ಬೀಗ್ತಿಯವರ. ಸರಸಾಕ ಬರ್ತೈತಿ ನನಗ."

ಎಲೆ ಅಡಿಕೆ ಅಗಿಯುವ ಸದ್ದು ಕೇಳುತ್ತಿತ್ತು. ಅದು ನಿಂತಿತು. ಶಾಂತವ್ವನವರು ಹೇಳಿದರು: "ನಮ್ಮಲ್ಲೆ ಊಟಕ್ಕ ಖಾರ ಕಡಿಮಿ. ಬ್ಯಾಡಗಿಯವರಿಗೆ ನಡೀತೈತೋ ಇಲ್ಲೋ. ಬರೂ ಮುಂದ ಒಂದು ಚೀಲ ಮೆಣಸಿನಕಾಯಿ ತಗೊಂಡು ಬರ್ರಿ ಹಂಗಾರ."

ಫೋನು ಇಟ್ಟೆ. ಸವಿತಾ ನನ್ನ ಸಿಮೆಂಟಿನ ಕಾಲಿನ ಮೇಲೆ ತಲೆಯಿಟ್ಟು ಅತ್ತಳು. ಕಾಲಿಗೆ ಅದು ಗೊತ್ತಾಗಲಿಲ್ಲ; ಉಳಿದ ನನಗೆಲ್ಲ ಗೊತ್ತಾಯಿತು.

ಸುದ್ದಿ ತಿಳಿದ ನಮ್ಮ ಮನೆಯವರು ಹೊಸ್ತಿಲಲ್ಲೇ ನಿಂತು, "ನಾ ಎಲ್ಲಿ ಉಣ್ಣಲಿ?" ಅಂದರು. "ಖಾನಾವಳಿ ಐತಿ," ಅಂದೆ. "ಮೊಮ್ಮಗಳನ್ನ ನೋಡಾಕ ಬಂದ್ರ ಅಲ್ಲೂ ಮೀಸಿ ತೊಳಸ್ತೀಯೇನು?" ಅಂದರು. ಅಷ್ಟಕ್ಕೇ ಮುಗಿಯಿತು. ಗಂಡಸರ ಒಪ್ಪಿಗೆ ಕೆಲವು ಸಲ ಹೀಗೇ ಇರುತ್ತದೆ.

ಕಾದಂಬರಿ ಮುಗಿದರೆ ಹೇಗಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಚಂಪಾಳನ್ನು ಧಾರವಾಡದ ಬಸ್ಸಿಗೆ ಹತ್ತಿಸಿ ಕೊನೆಯ ಕಂತು ಹಾಕಿದ ಮರುದಿನ ಎದ್ದಾಗ ಮನೆ ಖಾಲಿಯಾದ ಹಾಗಿತ್ತು. ಹುಡುಗಿ ಉಂಡಳೋ ಇಲ್ಲವೋ, ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತೋ ಇಲ್ಲವೋ ಎಂದು ಚಂಪಾಳ ಚಿಂತೆ. ಮಗಳನ್ನು ಕಳಿಸಿಕೊಟ್ಟ ಮದುವೆ ಮನೆಯಲ್ಲಿ ಮಾರನೆಯ ದಿನ ತೋರಣ ಬಾಡುತ್ತದಲ್ಲ, ಹಾಗೆ. ಕುಪ್ಪೇಲೂರಿನವರು ಒಂದೇ ಸಾಲು ಬರೆದಿದ್ದರು: "ಅಕ್ಕಾ, ನಮ್ಮ ಮನೆಯಲ್ಲೂ ಗಾಳಿ ಆಡಿತು." ಅದನ್ನು ಬೆರಳಿಟ್ಟು ಎಷ್ಟು ಸಲ ಓದಿದೆನೋ.

ಯುಗಾದಿಯ ಹೊತ್ತಿಗೆ ಪೇಟೆಯಲ್ಲಿ ಚೀಲ ಕಡಿಮೆಯಾದವು. ಕಾಲಿನ ಪಟ್ಟಿ ಬಿಚ್ಚಿದರು. ನೀಲವ್ವ ಕಿಟಕಿಯ ಸಂದಿಗಳಿಂದ ಸೀರೆಯ ತುಂಡುಗಳನ್ನು ಒಂದೊಂದಾಗಿ ಎಳೆದಳು, ಎಲ್ಲ ಕೆಂಪಗಾಗಿದ್ದವು. ಕಿಟಕಿ ತೆರೆದಾಗ ಬಂದ ಗಾಳಿಗೆ ಕೂಸು ಕಣ್ಣು ಮುಚ್ಚಿ ಬಾಯಿ ತೆರೆಯಿತು, ನೀರು ಕುಡಿಯುವ ಹಾಗೆ. ಮೆಟ್ಟಿಲ ಮೇಲೆ ಕೂತು ಕೂತು, ಒಂದೊಂದೇ ಮೆಟ್ಟಿಲು ಜಾರಿಕೊಂಡು ನಾನು ರಸ್ತೆಗೆ ಇಳಿದೆ.

ಈಗ ರಾಣೆಬೆನ್ನೂರಿನಲ್ಲಿ ದಿನಾ ಬೆಳಿಗ್ಗೆ ಸವಿತಾ ಗೇಟು ತೆಗೆದು ಸ್ಕೂಟಿ ಹೊರಗೆ ತರುತ್ತಾಳೆ. ಸಿರಿ ನನ್ನ ಸೊಂಟದ ಮೇಲೆ ಕೂತು ಕೈ ಬೀಸುತ್ತಾಳೆ. ಶಾಂತವ್ವನವರು ಒಳಗಿನಿಂದ, "ಬೀಗ್ತಿಯವರ, ಸಾರಿಗೆ ಎಷ್ಟು ಖಾರ ಹಾಕೀರಿ? ನನ್ನ ಮೊಣಕಾಲೂ ಸೀನಾಕತ್ತಾವು!" ಎಂದು ಕೂಗುತ್ತಾರೆ. ಸ್ಕೂಟಿ ತಿರುವಿನಲ್ಲಿ ಮರೆಯಾದ ಮೇಲೆ ನಾನೂ ಸಿರಿಯೂ ಕಟ್ಟೆಗೆ ಕೂರುತ್ತೇವೆ. ಗೇಟು ತೆರೆದೇ ಇರುತ್ತದೆ. ನಾನು ಅದನ್ನು ಮುಚ್ಚುವ ಗೊಡವೆಗೆ ಹೋಗುವುದಿಲ್ಲ.

ಮೊನ್ನೆ ಸೀನಿದ ದಿನವೂ ಕೂತೆವು. ಉಕ್ಕಿದ ಹಾಲು ಒರೆಸಿ ಬಂದು, ಮೂಗು ಒರೆಸಿಕೊಂಡು, ಅವಳನ್ನು ತೊಡೆಯ ಮೇಲೆ ಎಳೆದುಕೊಂಡೆ. ಏನು ಹೇಳಬೇಕೆಂದು ಇನ್ನೂ ಹೊಳೆದಿರಲಿಲ್ಲ. ನನ್ನ ಸೆರಗು ಹಿಡಿದು, ಮುಖ ಮೇಲೆತ್ತಿ, ನಾನು ಬಾಯಿ ತೆರೆಯುವ ಮೊದಲೇ ಅವಳು ಅಂದಳು:

"ಹೂಂ."